ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಹೋಗಲು ಕೆಲಸ ಬಿಡಬೇಕೇ?

ಪ್ರಶ್ನೆ:
ನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ಮ್ಯಾನ್ಯುಯಲ್, ಆಮೇಲೆ ಜಾವಾ ಮತ್ತು ಸೆಲೆನಿಯಂ (ಬ್ರೌಸರನ್ನು ಕೋಡ್‌ನಿಂದ ನಡೆಸುವ ಸಾಧನ) ಬಳಸಿ ಆಟೊಮೇಷನ್. ಡೆವಲಪರ್ ಆಗಬೇಕೆಂದು ಎರಡು ಕಡೆ ಸಂದರ್ಶನಕ್ಕೆ ಹೋದರೆ, ಈ ಅನುಭವವನ್ನು ಲೆಕ್ಕಕ್ಕೇ ಹಿಡಿಯದೆ ಹೊಸಬರ ಸಾಲಿನಲ್ಲಿ ಕೂರಿಸಿದರು. ಕೆಲಸ ಬಿಟ್ಟು ಕೋರ್ಸ್ ಸೇರುವುದು ಒಳ್ಳೆಯದೇ, ಅಥವಾ ಇದ್ದಲ್ಲಿಂದಲೇ ದಾರಿಯಿದೆಯೇ?

ಉತ್ತರ 1:
ಕೆಲಸ ಬಿಡಬೇಡಿ. ನಾನೂ ಟೆಸ್ಟಿಂಗ್‌ನಿಂದಲೇ ಬಂದವಳು. ಬಗ್ ದಾಖಲಿಸಿದ ಮೇಲೆ ಅಷ್ಟಕ್ಕೇ ನಿಲ್ಲಿಸದೆ, ಕೋಡ್ ತೆರೆದು ಅದು ಯಾವ ಸಾಲಿನಲ್ಲಿ ಹುಟ್ಟಿದೆ ಎಂದು ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ಆ ಸಾಲನ್ನು ಕೊನೆಯದಾಗಿ ಬದಲಿಸಿದ ಕಮಿಟ್ (ದಾಖಲಾದ ಬದಲಾವಣೆ) ಯಾವುದೆಂದು, ಕೋಡ್‌ನ ಇತಿಹಾಸ ಇಡುವ ಗಿಟ್‌ನ ಬ್ಲೇಮ್ ಕಮಾಂಡ್ ತೋರಿಸುತ್ತದೆ.

ನಾನು ಮೊದಲು ಸರಿಪಡಿಸಿದ್ದು ಬಿಲ್ಲಿನ ಮೊತ್ತ ತಾಳೆಯಾಗದ ಒಂದು ಬಗ್. ಮೊತ್ತವನ್ನು ಡಬಲ್‌ನಲ್ಲಿ (ದಶಮಾಂಶಗಳನ್ನು ಅಂದಾಜಾಗಿ ಇಡುವ ಜಾವಾ ಸಂಖ್ಯಾ ವಿಧ) ಇಟ್ಟಿದ್ದರು, ಅದರಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ದಶಮಾಂಶಗಳನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್‌ಗೆ ಬದಲಿಸಿ ಗೆದ್ದೆನೆಂದುಕೊಂಡೆ. ಆದರೆ ನಾನು ಡಬಲ್ ಸಂಖ್ಯೆಯನ್ನೇ ನೇರವಾಗಿ ಅದರ ಕನ್‌ಸ್ಟ್ರಕ್ಟರ್‌ಗೆ (ಹೊಸ ಬಿಗ್‌ಡೆಸಿಮಲ್ ರಚಿಸುವ ಭಾಗ) ಕೊಟ್ಟಿದ್ದರಿಂದ ಹಳೆಯ ದೋಷ ಹಾಗೆಯೇ ಹಿಂದೆ ಬಂದಿತ್ತು, ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕೊಡಬೇಕಿತ್ತು ಎಂದು ಕೋಡ್ ರಿವ್ಯೂನಲ್ಲಿ ಡೆವಲಪರ್‌ಗಳು ತೋರಿಸಿದರು. ಮತ್ತೊಮ್ಮೆ ಕಳುಹಿಸಿದಾಗ, ಎರಡು ಸಂಖ್ಯೆ ಸಮವೇ ಎಂದು ನೋಡುವ ಈಕ್ವಲ್ಸ್ ಮೆಥಡ್‌ಗೆ 2.0 ಮತ್ತು 2.00 ಬೇರೆ ಬೇರೆ, ಮೌಲ್ಯವನ್ನಷ್ಟೇ ಹೋಲಿಸುವ ಕಂಪೇರ್‌ಟು ಬಳಸಿ ಎಂದರು. ನಾಲ್ಕು ಸಾಲಿನ ಬದಲಾವಣೆಗೆ ಮೂರು ಸುತ್ತು! ಮುಂದೆ ಸಂದರ್ಶನದಲ್ಲಿ ಇದನ್ನೇ ವಿವರಿಸಿದೆ. ಪ್ರಶ್ನೆಗಳೆಲ್ಲ ಇದರ ಸುತ್ತಲೇ ಬಂದವು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಎಲ್ಲ ತಂಡಗಳಲ್ಲೂ ಟೆಸ್ಟರ್‌ಗೆ ಕೋಡ್ ಮುಟ್ಟಲು ಬಿಡುವುದಿಲ್ಲ. ಹಾಗಿದ್ದರೆ ನಿಮ್ಮ ಆಟೊಮೇಷನ್ ಕೋಡನ್ನೇ ಡೆವಲಪರ್ ಕಣ್ಣಿನಿಂದ ನೋಡಿ. ಪುಟ ತೆರೆದುಕೊಳ್ಳಲೆಂದು ಕಂಡಕಂಡಲ್ಲಿ ಥ್ರೆಡ್.ಸ್ಲೀಪ್ 5000 (5000 ಮಿಲಿಸೆಕೆಂಡು ಸುಮ್ಮನೆ ನಿಲ್ಲು) ಎಂದು ಬರೆದಿದ್ದರೆ, ಪುಟ ಒಂದೇ ಸೆಕೆಂಡಿನಲ್ಲಿ ಬಂದರೂ ಐದು ಸೆಕೆಂಡು ಕಾಯಬೇಕು, ಆರು ಸೆಕೆಂಡು ತಗೊಂಡರೆ ಟೆಸ್ಟ್ ಸೋಲುತ್ತದೆ. ಬೇಕಾದದ್ದು ಕಾಣಿಸುವವರೆಗೆ ಮಾತ್ರ ಕಾಯುವ ವೆಬ್‌ಡ್ರೈವರ್‌ವೇಟ್ ಹಾಕಿ, ಒಂದೇ ಲೊಕೇಟರ್ (ಪುಟದಲ್ಲಿ ಬಟನ್‌ನಂಥದ್ದನ್ನು ಹುಡುಕುವ ಗುರುತು) ಹತ್ತು ಫೈಲ್‌ಗಳಲ್ಲಿ ಇರದಂತೆ ಪುಟಕ್ಕೊಂದರಂತೆ ಪೇಜ್ ಆಬ್ಜೆಕ್ಟ್‌ಗಳಾಗಿ ವಿಂಗಡಿಸಿ. ಇಷ್ಟಾದರೂ ಡೇಟಾಬೇಸ್ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಒಂದೂ ಆಗಬಾರದು ಎಂಬ ಬದಲಾವಣೆಗಳ ಗುಂಪು), ಏಕಕಾಲದಲ್ಲಿ ಇಬ್ಬರು ಒಂದೇ ದಾಖಲೆ ತಿದ್ದಿದರೆ ಏನಾಗುತ್ತದೆ ಎಂಬಂಥವನ್ನು ಸೆಲೆನಿಯಂ ಕಲಿಸುವುದಿಲ್ಲ. ಅದಕ್ಕಾಗಿ ಚಿಕ್ಕದೊಂದು ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳು ವೆಬ್ ಮೂಲಕ ಬಳಸುವ ಸೇವೆ) ಅನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಬರೆಯಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈಗಷ್ಟೇ ಹುಡುಕಿದೆ: ನಮ್ಮ ಕೋಡ್‌ನಲ್ಲಿ ಥ್ರೆಡ್.ಸ್ಲೀಪ್ ಮೂವತ್ತೇಳು ಕಡೆ ಇದೆ, ಹೆಚ್ಚಿನವು ನಾನೇ ಬರೆದವು. ಲಾಗಿನ್ ಪುಟದಿಂದ ಶುರು ಮಾಡುತ್ತೇನೆ.