ಬ್ಯಾಟಿನ ‘ಪಿಕಪ್’ಗೆ ‘ತೂಗು’ ಅನ್ನಬಹುದಾ?

ಹೋದ ವಾರ ಗೆಳೆಯನೊಬ್ಬನ ಹಳೇ ಕ್ರಿಕೆಟ್ ಬ್ಯಾಟನ್ನು ನೆಟ್ಸ್‌ಗೆ, ಅಂದರೆ ಅಭ್ಯಾಸಕ್ಕೆ, ಒಯ್ದಿದ್ದೆ. ಕಾರ್ಖಾನೆಯ ಮಾಲಲ್ಲ, ಕೈಯಲ್ಲೇ ಕೆತ್ತಿದ್ದು. ಅವನು ಮಾರುವವನು, ನಾನು ಕೊಳ್ಳುವವನು. “ಆಡಿ ನೋಡು, ಹೇಗನ್ನಿಸ್ತು ಅಂತ ಬರೆದು ತಿಳಿಸು” ಅಂದ. ಆಡಿದ್ದಾಯಿತು. ಬರೆಯಲು ಕೂತರೆ ಮೂರನೇ ಸಾಲಿಗೇ ಕನ್ನಡ ಕೈಕೊಟ್ಟಿತು. ಕನ್ನಡ ಅಲ್ಲ ಬಿಡಿ, ನನಗೆ ಗೊತ್ತಿರುವ ಕನ್ನಡ.

ಸಿಕ್ಕಿಬಿದ್ದದ್ದು ‘ಪಿಕಪ್’ ಎಂಬಲ್ಲಿ, ಅಂದರೆ ಬ್ಯಾಟನ್ನು ಎತ್ತಿದಾಗ ಕೈಗೆ ಅನ್ನಿಸುವ ಭಾರ. ತಕ್ಕಡಿ ಹೇಳುವ ತೂಕ ಬೇರೆ, ಕೈಗೆ ತಿಳಿಯುವ ತೂಕ ಬೇರೆ. ನನ್ನ ಬ್ಯಾಟು, ಈ ಬ್ಯಾಟು ಎರಡೂ ಹೆಚ್ಚುಕಮ್ಮಿ 1190 ಗ್ರಾಂ, ಅಂದರೆ 2 ಪೌಂಡ್ 10 ಔನ್ಸ್. ಆದರೆ ನನ್ನದನ್ನು ಎತ್ತಿದರೆ ತುದಿ ಕೆಳಗೆ ಜಗ್ಗುತ್ತದೆ. ಇದು ಕೈಯ ಹಿಂದೆಯೇ ಮೇಲೆ ಬರುತ್ತದೆ. ಮರವನ್ನು ಎಲ್ಲಿ ದಪ್ಪ ಉಳಿಸಿದ್ದಾರೆ ಅನ್ನುವುದರ ಮೇಲೆ ಇದೆಲ್ಲ ನಿಂತಿದೆ. ದಪ್ಪ ತುದಿಯ ಕಡೆ ಇದ್ದರೆ ಭಾರ ಕೈಯಿಂದ ದೂರ ಹೋಗುತ್ತದೆ, ಅದೇ ಗ್ರಾಂ ಜಾಸ್ತಿ ಅನ್ನಿಸುತ್ತದೆ. ಕೈಯಲ್ಲಿ ಮಾಡುವವರು ಬೆನ್ನಿನ ಕಡೆ ಸ್ವಲ್ಪ ಸ್ವಲ್ಪವೇ ಕೀಸುತ್ತಾ, ನಡುನಡುವೆ ಎತ್ತಿ ಬೀಸಿ ನೋಡುವುದು ಇದಕ್ಕೇ. ಆಟದ ನಿಯಮದಲ್ಲೂ ಒಂದು ತಮಾಷೆ ಇದೆ. ಬ್ಯಾಟಿನ ಉದ್ದ 96.52 ಸೆಂ.ಮೀ., ಅಗಲ 10.8 ಸೆಂ.ಮೀ. ದಾಟಬಾರದು. 2017ರಿಂದ ದಪ್ಪಕ್ಕೂ ಅಂಚಿಗೂ ಮಿತಿ ಬಂದಿದೆ. ತೂಕಕ್ಕೆ ಮಾತ್ರ ಮಿತಿಯೇ ಇಲ್ಲ!

ಸರಿ, ಪದ ಯಾವುದು? ‘ಎತ್ತುವಿಕೆ’ ಅಂತ ಬರೆದೆ, ಸರ್ಕಾರಿ ಕಡತದ ವಾಸನೆ ಬಂತು. ‘ಸಮತೋಲ’ ಅಂದರೆ ಎರಡು ಕಡೆಯೂ ಸಮ ಅನ್ನಿಸುತ್ತದೆ. ಬ್ಯಾಟು ಯಾವತ್ತೂ ಕೆಳಗಡೆಯೇ ಭಾರ, ಆ ಭಾರ ಎಷ್ಟು ಕೆಳಗೆ ಅನ್ನುವುದಷ್ಟೇ ಪ್ರಶ್ನೆ. ‘ಕೈಗೆ ಹಗುರ’ ಅನ್ನುವುದು ಮಾತಿನಲ್ಲಿ ಚೆನ್ನಾಗಿದೆ. ಆದರೆ ಹಗುರದ ಬ್ಯಾಟು ಅಂತಲೇ ಓದುವವರು ತಿಳಿಯುತ್ತಾರೆ.

ಆಮೇಲೆ ಹೊಳೆದದ್ದು ‘ತೂಗು’. ನಾವು ತಕ್ಕಡಿಯಲ್ಲಿ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ಹಾಡು ಹಿಡಿಸಿದರೆ ತಲೆ ತೂಗುತ್ತೇವೆ. ಭಾರ ನೋಡುವುದಕ್ಕೂ ಆಚೀಚೆ ಆಡಿಸುವುದಕ್ಕೂ ಒಂದೇ ಕ್ರಿಯಾಪದ. ಪಿಕಪ್ ಅಂದರೂ ಅದೇ ಅಲ್ವಾ, ಆಡಿಸುವಾಗ ತಿಳಿಯುವ ಭಾರ? ‘ತೂಕ’ ಅಂದಾಗ ತಕ್ಕಡಿಯ ಅರ್ಥವೊಂದೇ ಉಳಿಯುತ್ತದೆ, ಆಡಿಸುವ ಅರ್ಥ ಜಾರಿಹೋಗುತ್ತದೆ. ಹಾಗಾಗಿ “ತೂಕ ಒಂದೇ, ತೂಗು ಬೇರೆ” ಅಂತ ಬರೆದುಬಿಟ್ಟೆ. ಕ್ರಿಯಾಪದವನ್ನು ಹಾಗೇ ನಾಮಪದ ಮಾಡಬಹುದಾ ಅಂತ ಒಂದು ಅಳುಕು ಇತ್ತು. ಆದರೆ ಹಾಡು, ಕಟ್ಟು, ಸುತ್ತು ಎಲ್ಲ ಎರಡೂ ಕೆಲಸ ಮಾಡುತ್ತಿವೆಯಲ್ಲ.

ಇನ್ನೊಂದು ಪದ ‘ಪಿಂಗ್’. ಚೆಂಡು ಸರಿಯಾದ ಜಾಗಕ್ಕೆ ತಾಗಿದಾಗ ಬರುವ ಸದ್ದೂ ಅದೇ, ಚೆಂಡನ್ನು ಹಿಂದಕ್ಕೆ ಕಳಿಸುವ ಬ್ಯಾಟಿನ ಗುಣವೂ ಅದೇ. ಸದ್ದಿಗೆ ನಮ್ಮಲ್ಲಿ ಕೊರತೆಯಿಲ್ಲ: ಟಕ್, ಠಣ್, ಫಟ್. ಗುಣಕ್ಕೆ ‘ಪುಟಿತ’ ಅಂದರೆ ನೆಲದಿಂದ ಏಳುವ ಚೆಂಡು ಕಣ್ಣ ಮುಂದೆ ಬರುತ್ತದೆ. ನಾನು ‘ಕಸುವು’ ಅಂತ ಹಾಕಿದೆ. “ಹಳೇ ಮರ, ಆದರೂ ಕಸುವು ಇದೆ.” ಬಳಸಿದ ಬ್ಯಾಟಿಗೆ ಇದು ಒಪ್ಪುತ್ತದೆ ಅನ್ನಿಸಿತು.

ಇದನ್ನು ಬರೆಯುವಾಗ ಒಂದು ವಿಷಯ ಗಮನಿಸಿದೆ. ಚೆಂಡು ಅಂಚಿಗೋ ತುದಿಗೋ ತಾಗಿದರೆ “ಕೈ ಜುಂ ಅಂತು” ಅನ್ನುತ್ತೇವೆ. ಎಷ್ಟು ಸರಿಯಾದ ಮಾತು! ಅಲ್ಲಿ ತಾಗಿದರೆ ಬ್ಯಾಟು ನಡುಗುತ್ತದೆ, ಆ ನಡುಕ ಕೈಗೆ ಬರುತ್ತದೆ. ನಡುವಿನ ಆ ಒಳ್ಳೇ ಜಾಗಕ್ಕೆ ತಾಗಿದರೆ ನಡುಕ ತೀರಾ ಕಡಿಮೆ. ಆಗ ನಮ್ಮ ಬಾಯಲ್ಲಿ ಬರುವುದು “ಹೊಡೆದದ್ದೇ ಗೊತ್ತಾಗಲಿಲ್ಲ”. ಆ ಜಾಗಕ್ಕೆ ಹುಡುಗರು ‘ಮಿಡಲ್’ ಅನ್ನುತ್ತಾರೆ. ಅದನ್ನು ಬದಲಿಸುವ ಆಸೆ ನನಗಿಲ್ಲ, ಇಂಗ್ಲಿಷಿನ ‘ಸ್ವೀಟ್ ಸ್ಪಾಟ್’ ನೋಡಿ ‘ಸಿಹಿಬಿಂದು’ ಅಂತ ದಯವಿಟ್ಟು ಯಾರೂ ಸೂಚಿಸಬೇಡಿ.

ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಸವರಿ, ಕೊಡತಿಯಿಂದ ಗಂಟೆಗಟ್ಟಲೆ ಮೆಲ್ಲಗೆ ಬಡಿಯುವ ಕೆಲಸಕ್ಕೆ ‘ಹದ ಮಾಡುವುದು’ ಸಾಕು. ತೊಗಲಿಗೂ ಅದೇ ಮಾತಿದೆ. ಈ ಬ್ಯಾಟಿಗೆ ಅದರ ಹಂಗಿಲ್ಲ, ಆಡಿ ಆಡಿ ಪಳಗಿದ್ದು. ಹ್ಯಾಂಡಲ್‌ಗೆ ‘ಹಿಡಿ’ ಅನ್ನಬೇಕೋ ‘ಕಾವು’ ಅನ್ನಬೇಕೋ ಅನ್ನುವುದು ಮಾತ್ರ ತೀರ್ಮಾನವಾಗಿಲ್ಲ. ಚಾಕುವಿಗೆ ಹಿಡಿ, ಕೊಡಲಿಗೆ ಕಾವು. ಬ್ಯಾಟಿನ ಬೆತ್ತದ ಹಿಡಿಯನ್ನು ಬೇರೆಯೇ ಮಾಡಿ ಮರದೊಳಗೆ ಕೂರಿಸುತ್ತಾರೆ, ಹಾಗಾಗಿ ನನ್ನ ಒಲವು ಕಾವಿನ ಕಡೆ. ಗೆಳೆಯ ಓದಿ ನಕ್ಕ, “ಬ್ಯಾಟು ತಗೋತೀಯೋ, ಸೌದೆ ಒಡೀತೀಯೋ?” ಅಂದ.

ಈಗ ನನ್ನ ಪ್ರಶ್ನೆ. ಕೊಡಲಿ, ಗುದ್ದಲಿ, ಸುತ್ತಿಗೆ ಹಿಡಿದು ದಿನವಿಡೀ ದುಡಿಯುವವರಿಗೂ ಈ ವ್ಯತ್ಯಾಸ ಗೊತ್ತೇ ಇರುತ್ತದೆ. ಒಂದೇ ತೂಕದ ಎರಡು ಸುತ್ತಿಗೆಯಲ್ಲಿ ಒಂದು ಕೈಗೆ ಒಗ್ಗುತ್ತದೆ, ಇನ್ನೊಂದು ಮಣಿಕಟ್ಟು ನೋಯಿಸುತ್ತದೆ. ಅದನ್ನು ಅವರು ಏನಂತಾರೆ? ‘ತೂಗು’ ಅಥವಾ ಅದರ ಹತ್ತಿರದ ಮಾತು ಯಾರ ಬಾಯಲ್ಲಾದರೂ ಕೇಳಿದ್ದೀರಾ? ಬೇರೆ ಪದವೇ ಇದ್ದರೆ ನನ್ನದನ್ನು ಖುಷಿಯಿಂದ ಹೊಡೆದುಹಾಕುತ್ತೇನೆ.