ಬಿಸಿಯಾದ ಮೇಲೆ ಏರಿನಲ್ಲಿ ನಿಂತುಬಿಡುವ 1997ರ ಮಾರುತಿ 800: ದೋಷ ಕಾರ್ಬ್ಯುರೇಟರಿನದೇ?

ಪ್ರಶ್ನೆ: ಹಳೆ ಎಂಟ್ನೂರು (ರಾಜಾಜಿನಗರ)

ನಮ್ಮ ತಂದೆಯವರು 1997ರಲ್ಲಿ ಕೊಂಡ, ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಮಾರುತಿ 800 ಇಂದಿಗೂ ನಮ್ಮ ಮನೆಯಲ್ಲಿದೆ. ನೋಂದಣಿಯನ್ನು ನವೀಕರಿಸಿಕೊಂಡು, ವಾರಕ್ಕೆ ಎರಡು ಬಾರಿಯಾದರೂ ತಪ್ಪದೆ ಓಡಿಸುತ್ತಾ ಬಂದಿದ್ದೇನೆ. ಕಳೆದ ಮೂರು ತಿಂಗಳಿಂದ ಅದಕ್ಕೊಂದು ಕಾಯಿಲೆ ಅಂಟಿಕೊಂಡಿದೆ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಕೂಡ ಚೆನ್ನಾಗಿದೆ. ಆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ ಟ್ರಾಫಿಕ್ಕಿನಲ್ಲಿ ನಿಂತು ಸಾಗಿ, ಮೇಖ್ರಿ ವೃತ್ತ ದಾಟಿ ಹೆಬ್ಬಾಳದ ಮೇಲ್ಸೇತುವೆ ಏರುವ ಹೊತ್ತಿಗೆ, ಆಕ್ಸಿಲರೇಟರ್ ಒತ್ತಿದಷ್ಟೂ ಎಳೆತ ಕಡಿಮೆಯಾಗುತ್ತಾ ನಾಲ್ಕೈದು ಬಾರಿ ಮುಗ್ಗರಿಸಿ ನಿಂತುಬಿಡುತ್ತದೆ. ಬಾನೆಟ್ ತೆರೆದು ಹದಿನೈದು ನಿಮಿಷ ಕಾದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಟ್ಯಾಂಕ್ ತುಂಬಿಸಿದ ದಿನ ಈ ತೊಂದರೆ ಕಾಣಿಸಿಕೊಂಡಿಲ್ಲ. ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ತಪ್ಪಿದ್ದಿಲ್ಲ.

ಮೆಕ್ಯಾನಿಕ್ ಎರಡು ಬಾರಿ ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳನ್ನು) ತೊಳೆದಿದ್ದಾರೆ. ಪ್ಲಗ್‌ಗಳನ್ನೂ ಪೆಟ್ರೋಲ್ ಫಿಲ್ಟರನ್ನೂ ಬದಲಿಸಿದ್ದಾರೆ. ಈಗ ಕಾರ್ಬ್ಯುರೇಟರನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಕಳೆದ ವಾರ ರಾತ್ರಿ ವಯಸ್ಸಾದ ತಾಯಿಯವರನ್ನು ಕೂರಿಸಿಕೊಂಡು ಸೇತುವೆಯ ಮೇಲೆ ನಿಂತಾಗ, ಪಕ್ಕದಲ್ಲೇ ಲಾರಿಗಳು ಹಾದುಹೋಗುತ್ತಿದ್ದುದನ್ನು ಕಂಡು ನಿಜಕ್ಕೂ ಹೆದರಿದೆ. ಊಹೆಯ ಮೇಲೆ ಇನ್ನೊಂದು ಭಾಗವನ್ನು ಬದಲಿಸುವ ಮೊದಲು ದೋಷ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವ ಕ್ರಮವಿದ್ದರೆ ತಿಳಿಸಿ.

ಉತ್ತರ 1: ಜೆಸಿ ರಸ್ತೆಯ ಹಳಬ

ಮೊದಲು ತೀರ್ಮಾನವಾಗಬೇಕಾದದ್ದು ಗಾಡಿ ನಿಂತ ಆ ಕ್ಷಣದಲ್ಲಿ ಕೊರತೆಯಾಗಿರುವುದು ಪೆಟ್ರೋಲೋ ಕಿಡಿಯೋ ಎಂಬುದು. ಬಿಸಿಯಾದಾಗ ಕೈಕೊಟ್ಟು ತಣಿದಾಗ ಸರಿಹೋಗುವ ಗುಣ, ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ತನ್ನು ಒದಗಿಸುವ ಇಗ್ನಿಷನ್ ಕಾಯಿಲ್‌ಗೂ ಇದೆ. ಹಾಗಾಗಿ ಎಷ್ಟೋ ಕಾರ್ಬ್ಯುರೇಟರುಗಳು ಕಾಯಿಲ್ ಮಾಡಿದ ತಪ್ಪಿಗೆ ಗುಜರಿ ಸೇರಿವೆ. ಸಾಮಾನ್ಯವಾಗಿ ಕಿಡಿ ತಪ್ಪಿದರೆ ಎಂಜಿನ್ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಪೆಟ್ರೋಲ್ ಸಾಲದಿದ್ದರೆ ನೀವು ಹೇಳಿದಂತೆ ಎಳೆತ ಸೋರಿ, ಮುಗ್ಗರಿಸಿ ನಿಲ್ಲುತ್ತದೆ. ಆದರೂ ಲಕ್ಷಣವನ್ನಷ್ಟೇ ನಂಬಬೇಡಿ.

ಮುಂದಿನ ಬಾರಿ ನಿಂತಾಗ ಗಾಡಿಯನ್ನು ಸುರಕ್ಷಿತವಾಗಿ ಅಂಚಿಗೆ ತಂದು, ಇಂಜಿನ್ ಆರಿಸಿಯೇ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಕಾರ್ಬ್ಯುರೇಟರಿನ ಗಂಟಲೊಳಗೆ ನೋಡುತ್ತಾ ಆಕ್ಸಿಲರೇಟರ್ ಕೇಬಲ್ಲನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಒಳಗಿನ ಪುಟ್ಟ ಪಂಪಿನಿಂದ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಶೇಖರವಾಗುವ ಪುಟ್ಟ ಕೋಣೆಯಾದ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆ ಎಂದರ್ಥ; ಆಗ ಕಿಡಿಯ ಕಡೆಗೆ ಹೋಗಿ. ಏನೂ ಚಿಮ್ಮದಿದ್ದರೆ ಚೇಂಬರ್ ಬರಿದಾಗಿದೆ. ಬರಿದಾದ ಚೇಂಬರಿಗೆ ಜೆಟ್ ಕಾರಣವಲ್ಲ: ಜೆಟ್ ಕಟ್ಟಿಕೊಂಡರೆ ಚೇಂಬರ್ ತುಂಬಿಯೇ ಇರುತ್ತದೆ. ಕಾರಣ ಚೇಂಬರಿಗೆ ಪೆಟ್ರೋಲ್ ಬರುವ ದಾರಿಯನ್ನು ತೆರೆದು ಮುಚ್ಚುವ ನೀಡಲ್ ವಾಲ್ವಿನಲ್ಲಿರಬೇಕು, ಇಲ್ಲವೇ ಅದಕ್ಕೂ ಹಿಂದೆ, ಪಂಪಿನಿಂದ ಟ್ಯಾಂಕಿನವರೆಗಿನ ಹಾದಿಯಲ್ಲಿರಬೇಕು. ಈ ಒಂದು ನೋಟ ಹೊಸ ಕಾರ್ಬ್ಯುರೇಟರಿನ ಖರ್ಚನ್ನು ಉಳಿಸಬಲ್ಲದು.

ಉತ್ತರ 2: ನಿಧಾನ ಸವಾರಿ

ಟ್ಯಾಂಕ್ ತುಂಬಿದಾಗ ತೊಂದರೆಯಿಲ್ಲ, ಅರ್ಧವಾದಾಗ ಇದೆ, ಅದೂ ಏರಿನಲ್ಲಿ: ನೀವು ಬರೆದದ್ದರಲ್ಲಿ ಅತಿ ಮುಖ್ಯವಾದ ಸಾಕ್ಷಿ ಇದೇ ಎಂದು ನನ್ನ ಅಭಿಪ್ರಾಯ. ಈ ಗಾಡಿಯಲ್ಲಿ ಟ್ಯಾಂಕಿನೊಳಗೆ ವಿದ್ಯುತ್ ಪಂಪಿಲ್ಲ. ಎಂಜಿನ್ನಿನ ಮೇಲೆಯೇ ಕುಳಿತು, ಕ್ಯಾಮ್‌ಶಾಫ್ಟಿನ ಚಾಲನೆಯಿಂದ ಬಡಿಯುವ ಡಯಾಫ್ರಾಮ್ (ರಬ್ಬರ್ ಪೊರೆಯ) ಪಂಪು ಹಿಂದಿನ ಟ್ಯಾಂಕಿನಿಂದ ಗಾಡಿಯ ಉದ್ದಕ್ಕೂ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಏರು ಹತ್ತುವಾಗ ಟ್ಯಾಂಕ್ ಪಂಪಿಗಿಂತ ಇನ್ನಷ್ಟು ಕೆಳಗಾಗುತ್ತದೆ, ಟ್ಯಾಂಕಿನೊಳಗಿನ ಮಟ್ಟವೂ ತಗ್ಗಿದ್ದರೆ ಹೀರುವ ಎತ್ತರ ಮತ್ತೂ ಹೆಚ್ಚುತ್ತದೆ, ಅದೇ ವೇಳೆಗೆ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತಿರುತ್ತದೆ. ಹೀರುವ ದಾರಿಯಲ್ಲಿ ಎಲ್ಲಾದರೂ ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಪಂಪು ಪೆಟ್ರೋಲಿನ ಬದಲು ಗಾಳಿಯನ್ನು ಎಳೆಯುತ್ತದೆ. ಎಂಜಿನ್ ಓಡುವಾಗ ಅಲ್ಲಿ ಒತ್ತಡವಿಲ್ಲದೆ ಬರೀ ಸೆಳೆತವಿರುವುದರಿಂದ ಹೊರಗೆ ಒಂದು ಹನಿಯೂ ಸೋರದಿರಬಹುದು. ನೆಲ ಒಣಗಿದೆಯೆಂದು ಮೆಕ್ಯಾನಿಕ್ ಹೋಸನ್ನು ಸಂಶಯಿಸುವುದೇ ಇಲ್ಲ.

ಶಾಖದ ಪಾತ್ರವೂ ಇಲ್ಲಿ ಸೇರಿಕೊಳ್ಳುತ್ತದೆ. ಸೆಳೆತಕ್ಕೆ ಸಿಕ್ಕ ದ್ರವ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕೂಡ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಪೆಟ್ರೋಲೂ ಮಂಗಳೂರಿನಲ್ಲಿ ಆವಿಯಾಗುವುದಕ್ಕಿಂತ ಸ್ವಲ್ಪ ಮೊದಲೇ ಇಲ್ಲಿ ಆವಿಯಾಗುತ್ತದೆ. ಟ್ರಾಫಿಕ್ಕಿನಲ್ಲಿ ಕಾದ ಪಂಪಿನೊಳಗೆ ಆವಿಯ ಗುಳ್ಳೆ ಸೇರಿದರೆ ಡಯಾಫ್ರಾಮ್ ಬಡಿದರೂ ಪೆಟ್ರೋಲ್ ಮುಂದೆ ಹೋಗದು. ಈ ಆವಿಯನ್ನು ಟ್ಯಾಂಕಿಗೆ ಹಿಂತಿರುಗಿಸಲೆಂದೇ ರಿಟರ್ನ್ ಪೈಪು ಇರುವುದು. ಅದು ಎಲ್ಲಾದರೂ ಜಜ್ಜಿಹೋಗಿದೆಯೇ ಎಂದೂ ನೋಡಿ.

ಪರೀಕ್ಷೆ ಹೀಗೆ ಮಾಡಿ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ. ಉಸ್ಸೆಂದು ಗಾಳಿ ಒಳನುಗ್ಗಿ ತಕ್ಷಣ ಗಾಡಿ ಸರಿಹೋದರೆ ಟ್ಯಾಂಕಿನ ಉಸಿರಾಟದ ದಾರಿ ಕಟ್ಟಿದೆ, ಕಥೆ ಅಲ್ಲಿಗೇ ಮುಗಿಯಿತು. ಹಾಗಾಗದಿದ್ದರೆ ಮನೆಗೆ ಬಂದು, ತಣಿದ ಎಂಜಿನ್ನಿನಲ್ಲಿ, ಪಂಪಿನ ಒಳದಾರಿಯ ಹೋಸ್ ಕಳಚಿ ಅಲ್ಲಿಗೆ ಪೆಟ್ರೋಲ್ ತಡೆಯಬಲ್ಲ ಪಾರದರ್ಶಕ ಹೋಸಿನ ಒಂದು ತುಂಡನ್ನು ತಾತ್ಕಾಲಿಕವಾಗಿ ಸೇರಿಸಿ, ಎಂಜಿನ್ ಓಡಿಸಿ ನೋಡಿ. ಗುಳ್ಳೆಗಳ ಸಾಲು ಹರಿದು ಬಂದರೆ ಅದಕ್ಕೂ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಈ ಕೆಲಸವನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾಡಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ, ಒಂದು ಕಿಡಿ ಸಾಕು. ಬಯಲಿನಲ್ಲಿ ಮಾಡಿ, ಅಗ್ನಿಶಾಮಕವನ್ನು ಪಕ್ಕದಲ್ಲಿರಿಸಿಕೊಳ್ಳಿ.

ಉತ್ತರ 3: ರಬ್ಬರ್ ಮತ್ತು ರಸಾಯನ

ಮೇಲಿನವರ ಮಾತಿಗೆ ಸೇರಿಸಬೇಕಾದದ್ದು ಎಥನಾಲ್ ವಿಷಯ. 2023ರಿಂದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿ, ಈಗ ಅದೇ ಸಾಮಾನ್ಯವಾಗಿದೆ. 1997ರ ರಬ್ಬರ್ ಅದನ್ನು ಎದುರಿಸಲು ತಯಾರಾದದ್ದಲ್ಲ; ಹಳೆಯ ಹೋಸು ಮತ್ತು ಡಯಾಫ್ರಾಮ್ ಮೊದಲು ಉಬ್ಬಿ, ಆಮೇಲೆ ಗಡಸಾಗಿ ಸೀಳುತ್ತವೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನೂ ಎಥನಾಲ್ ಸಡಿಲಿಸಿ ತಳದ ಜಾಲರಿಗೆ ತಂದು ಕೂರಿಸುತ್ತದೆ. ಆದ್ದರಿಂದ ಹೋಸ್ ಬದಲಿಸುವಾಗ ಆ ಜಾಲರಿಯನ್ನೂ ತೆಗೆದು ನೋಡಿಸಿ. ಇನ್ನೊಂದು, ಪೂರ್ತಿ ಉರಿಯಲು ಶುದ್ಧ ಪೆಟ್ರೋಲಿಗೆ ತನ್ನ ತೂಕದ 14.7 ಪಟ್ಟು ಗಾಳಿ ಬೇಕಾದರೆ ಎಥನಾಲಿಗೆ 9 ಪಟ್ಟು ಸಾಕು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇದನ್ನು ಗ್ರಹಿಸಿ ಪೆಟ್ರೋಲ್ ಹೆಚ್ಚಿಸುತ್ತದೆ, ಕಾರ್ಬ್ಯುರೇಟರಿಗೆ ಆ ಅರಿವಿಲ್ಲ. ಮಿಶ್ರಣ ಸ್ವಲ್ಪ ತೆಳುವಾಗಿಯೇ ಉಳಿಯುತ್ತದೆ. ಅದು ನಿಮ್ಮ ಗಾಡಿ ನಿಲ್ಲಲು ಕಾರಣವಲ್ಲ, ಆದರೆ ಏರಿನಲ್ಲಿ ಮೊದಲೇ ಸೊರಗಿದ ಎಂಜಿನ್ನಿಗೆ ಅದೂ ಒಂದು ಹೊರೆ.

ಹಳೆ ಎಂಟ್ನೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ತಮ್ಮನೊಂದಿಗೆ ಅದೇ ದಾರಿಯಲ್ಲಿ ಹೋದೆ. ನಿಂತಾಗ ಗಂಟಲೊಳಗೆ ನೋಡಿದರೆ ಧಾರೆಯಿಲ್ಲ, ಪೂರ್ತಿ ಒಣಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದರೂ ಬದಲಾವಣೆಯಾಗಲಿಲ್ಲ. ಮನೆಯ ಮುಂದಿನ ರಸ್ತೆಯಲ್ಲಿ ಪಾರದರ್ಶಕ ಹೋಸ್ ಹಾಕಿ ಓಡಿಸಿದಾಗ ಗುಳ್ಳೆಗಳು ಒಂದರ ಹಿಂದೊಂದು ಬಂದವು. ಮೆಕ್ಯಾನಿಕ್ಕಿಗೆ ಅದನ್ನೇ ತೋರಿಸಿದೆ; ಅವರು ಮರುಮಾತಿಲ್ಲದೆ ಗಾಡಿ ಎತ್ತಿಸಿ ಹುಡುಕಿದರು. ಟ್ಯಾಂಕಿನ ಬಳಿ ಲೋಹದ ಪೈಪಿಗೆ ಸೇರುವ ಗೇಣುದ್ದದ ಹೋಸ್, ಕ್ಲಿಪ್ಪಿನ ಅಡಿಯಲ್ಲಿ ಅರ್ಧ ಸುತ್ತು ಸೀಳಿತ್ತು. ಜಾಲರಿಯ ಮೇಲೆ ಕಂದು ಬಣ್ಣದ ಹುಡಿ ಕುಳಿತಿತ್ತು. ಎಥನಾಲ್ ತಡೆಯುವ ಹೋಸನ್ನು ಜೆಸಿ ರಸ್ತೆಯಿಂದ ತಂದು, ರಿಟರ್ನ್ ದಾರಿಯ ತುಂಡುಗಳನ್ನೂ ಸೇರಿಸಿ ಎಲ್ಲವನ್ನೂ ಬದಲಿಸಿದೆವು. ಆಮೇಲೆ ಕಾಲು ಟ್ಯಾಂಕಿನಲ್ಲೇ, ಸಂಜೆ ಆರರ ಟ್ರಾಫಿಕ್ಕಿನಲ್ಲಿ ನಾಲ್ಕು ಬಾರಿ ಹೆಬ್ಬಾಳದ ಏರು ಹತ್ತಿದ್ದೇನೆ, ಒಮ್ಮೆಯೂ ಮುಗ್ಗರಿಸಿಲ್ಲ. ಪಂಪಿನ ಡಯಾಫ್ರಾಮ್ ಕೂಡ 1997ರದ್ದೇ. ಅದನ್ನೂ ಈಗಲೇ ಬದಲಿಸಬೇಕೇ?

ನಿಧಾನ ಸವಾರಿ

ಬದಲಿಸಿಬಿಡಿ. ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್ಲಿಗೆ ಇಳಿದು ಬೇರಿಂಗುಗಳನ್ನು ತಿನ್ನುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ. ಸಡಿಲಗೊಂಡ ಹುಡಿ ಇನ್ನೂ ಸ್ವಲ್ಪ ಬರುತ್ತಲೇ ಇರುವುದರಿಂದ, ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಪೆಟ್ರೋಲ್ ಫಿಲ್ಟರನ್ನು ಮತ್ತೊಮ್ಮೆ ಬದಲಿಸಿ.