ಪ್ರಶ್ನೋತ್ತರ: ಕಿಮೋ ವೇಳೆ ಹಾಕುವ ಕೂಲಿಂಗ್ ಕ್ಯಾಪ್, ಅದರ ಬಿಲ್

ಶೈಲಜಾ: ಅಮೆರಿಕದ ಆಸ್ಪತ್ರೆ ಬಿಲ್‌ಗಳಿಗೆ ಕೋಡ್ (ಏನು ಚಿಕಿತ್ಸೆ ಕೊಟ್ಟರು ಅಂತ ಇನ್ಶೂರೆನ್ಸ್‌ನವರಿಗೆ ಹೇಳುವ ಸಂಖ್ಯೆ) ಹಾಕುವುದು ನನ್ನ ಕೆಲಸ. ಕಿಮೋದಲ್ಲಿ ಕೂದಲು ಉದುರದಿರಲಿ ಅಂತ ಹಾಕುವ ತಂಪು ಟೋಪಿಯ ಬಿಲ್ ಬಗ್ಗೆ ಕೇಳಿ. ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಕಾಶ್: ನಮಸ್ತೆ ಮೇಡಂ. ಹೆಂಡತಿಗೆ ಮುಂದಿನ ವಾರ ಶುರು. ಕೋಡ್ ಯಾವುದು?

ಶೈಲಜಾ: 2021ರಲ್ಲಿ ಬಂದ 0662ಟಿ, 0663ಟಿ ಈಗ ಇಲ್ಲ. 2026ರ ಜನವರಿಯಿಂದ ಮೂರು. ತಲೆ ಅಳತೆ ಮತ್ತು ಟೋಪಿಗೆ 97007. ಟೋಪಿ ಹಾಕಿ, ಔಷಧಕ್ಕೆ ಮುಂಚೆ ತಂಪು ಮಾಡುವುದಕ್ಕೆ 97008. ಔಷಧ ನಿಂತ ಮೇಲೆ ಪ್ರತಿ 30 ನಿಮಿಷಕ್ಕೆ 97009. ಕೋಡ್ ಇದ್ದ ಮಾತ್ರಕ್ಕೆ ಇನ್ಶೂರೆನ್ಸ್‌ನವರು ಕೊಡುತ್ತಾರೆ ಅಂತಲ್ಲ. ಮೊದಲೇ ಒಪ್ಪಿಗೆ ಕೇಳಿ, ಬರಹದಲ್ಲಿ.

ಲತಾ: ಅಮ್ಮನಿಗೆ ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಇದೆ. ಟೋಪಿಗೆ ಸಿಗುತ್ತದಾ?

ವೀಣಾ: ಮೇಡಂ, ಅಕ್ಕನ ಇಡೀ ಕಿಮೋ ಬಿಲ್ಲನ್ನೇ ಇನ್ಶೂರೆನ್ಸ್‌ನವರು ತಡೆದಿದ್ದಾರೆ. ಅದರಲ್ಲಿ 96413 ಒಂದು, 96415 ಎರಡು. ಕೇಳಿದರೆ ಆಸ್ಪತ್ರೆಯವರು "ಮೂರು ಗಂಟೆ ಕುರ್ಚಿಯಲ್ಲಿ ಕೂತಿದ್ದರಲ್ಲ" ಅನ್ನುತ್ತಾರೆ.

ಶೈಲಜಾ: ನರ್ಸ್ ಚಾರ್ಟ್‌ನಲ್ಲಿ ಸಮಯ ಏನಿದೆ?

ವೀಣಾ: ಟೋಪಿ 10:40. ಔಷಧ 11:10ರಿಂದ 12:10. ಟೋಪಿ ತೆಗೆದದ್ದು 1:40.

ಶೈಲಜಾ: ಅಂದುಕೊಂಡೆ. ಔಷಧ ಹೋಗಿದ್ದು ಒಂದೇ ಗಂಟೆ. ಅದಕ್ಕೆ 96413 ಒಂದು ಸಲ, ಅಷ್ಟೇ. 96415 ಬರುವುದು ಮೊದಲ ಗಂಟೆ ಮುಗಿದ ಮೇಲೂ ಕಿಮೋ ಇನ್ನೂ ಹನಿಯುತ್ತಿದ್ದರೆ. ಇವರು ಟೋಪಿಯ ಹೊತ್ತನ್ನೂ ಔಷಧದ ಲೆಕ್ಕಕ್ಕೆ ತುರುಕಿದ್ದಾರೆ. ಚಾರ್ಟ್ ಒಂದು ಹೇಳುತ್ತದೆ, ಬಿಲ್ ಇನ್ನೊಂದು. ಮೊದಲ ಅರ್ಧ ಗಂಟೆ 97008ರಲ್ಲಿ ಬಂತು. 12:10ರಿಂದ 1:40ಕ್ಕೆ 90 ನಿಮಿಷ, ಅಂದರೆ 97009 ಮೂರು. ಆ ಎರಡು 96415 ತೆಗೆದು ಕರೆಕ್ಟೆಡ್ ಕ್ಲೇಮ್, ಅಂದರೆ ತಿದ್ದಿದ ಬಿಲ್, ಕಳಿಸಲು ಆಸ್ಪತ್ರೆಯವರಿಗೆ ಹೇಳಿ. ಚಾರ್ಟ್ ಪ್ರತಿ ಇಟ್ಟುಕೊಳ್ಳಿ. ಮುಂದಿನ ಸರದಿಯ ಬಿಲ್ ಹೊರಡುವ ಮುಂಚೆ ನೀವೇ ಒಮ್ಮೆ ನೋಡಿ. ಟೋಪಿಯ ಗೊಂದಲಕ್ಕೆ ಕಿಮೋ ಮುಂದೆ ಹೋಗಬಾರದು, ನನಗೆ ಅದೇ ಚಿಂತೆ.

ಮಂಜು: ಬಂದದ್ದನ್ನು ಹಾಕುತ್ತಿದ್ದೇನೆ: "ಡಾಕ್ಟರ್ ಹತ್ತಿರ ತಲೆನೋವಿಗೆ ತಂಪು ಚಿಕಿತ್ಸೆ ಅಂತ ಬರೆಸಿ, ಪೂರ್ತಿ ಹಣ ವಾಪಸ್!!"

ಶೈಲಜಾ: ಯಾರೂ ಮಾಡಬೇಡಿ. ಇಲ್ಲದ ಕಾಯಿಲೆ ಬರೆಸಿ ಹಣ ಕೇಳುವುದು ಮೋಸ. ಸಿಕ್ಕಿಬೀಳುವುದು ನೀವು, ಫಾರ್ವರ್ಡ್ ಮಾಡಿದವರಲ್ಲ.

ರಘು: ಕೋಡ್ ಯಾವುದು ಮೇಡಂ?

ಶೈಲಜಾ: ಮೇಲಿದೆ.

ನಾಗರಾಜ್: ಕೂದಲು ತಾನೇ, ಮತ್ತೆ ಬರುತ್ತದೆ. ಸುಮ್ನೆ ದುಡ್ಡು ದಂಡ.

ವೀಣಾ: ಬಾಚಣಿಗೆಯಲ್ಲಿ ಹಿಡಿ ಹಿಡಿ ಬಂದಾಗ ಪಕ್ಕದಲ್ಲಿ ಕೂತಿದ್ದೀರಾ ಸರ್?

ಪ್ರಕಾಶ್: 2017ರಲ್ಲಿ ಬಂದ ಸ್ತನ ಕ್ಯಾನ್ಸರ್ ಅಧ್ಯಯನದಲ್ಲಿ ಟೋಪಿ ಹಾಕಿದ 95 ಜನರಲ್ಲಿ 48 ಜನಕ್ಕೆ ಕೂದಲು ಉಳಿಯಿತು. ಹಾಕದ 47ರಲ್ಲಿ ಒಬ್ಬರಿಗೂ ಇಲ್ಲ.

ನಾಗರಾಜ್: ಅಂದರೆ ಅರ್ಧ ಜನಕ್ಕೆ ಉಳಿಯಲಿಲ್ಲ, ಅಲ್ವಾ?

ವೀಣಾ: ಉಳಿದವರನ್ನು ಕೇಳಿ ಹೋಗಿ.

ಮಂಜು: ಜಗಳ ಬಿಡಿ. ಫ್ರೀಜರ್ ಐಸ್ ಚೀಲ ತಲೆಗೆ ಕಟ್ಟಿದರೂ ಸಾಕಂತೆ, ಖರ್ಚೇ ಇಲ್ಲ.

ಶೈಲಜಾ: ಚರ್ಮ ಹೆಪ್ಪುಗಟ್ಟಿ ಗಾಯವಾಗುತ್ತದೆ. ಮಂಜು ಅವರೇ, ದಯವಿಟ್ಟು ನಿಲ್ಲಿಸಿ.

ಸುಜಾತಾ: ಡ್ರೈ ಐಸ್ ಟೋಪಿ ಬಾಡಿಗೆಗೆ ತಂದರೆ ಈ ಕೋಡ್‌ಗಳು ಬರುತ್ತವಾ?

ಶೈಲಜಾ: ಇಲ್ಲ. ಇವು ಯಂತ್ರದಿಂದ ತಂಪಾಗುವ ಟೋಪಿಗೆ ಮಾತ್ರ.

ಲತಾ: ಮೆಡಿಕೇರ್ ಬಗ್ಗೆ ಕೇಳಿದ್ದೆ...

ವೀಣಾ: ಆಸ್ಪತ್ರೆಗೆ ಫೋನ್ ಮಾಡಿದೆ ಮೇಡಂ. "ನೀವೇ ಅಪೀಲ್ ಹಾಕಿ" ಅಂದರು.

ಶೈಲಜಾ: ಅಪೀಲ್ ಯಾಕೆ? ಕೋಡ್ ತಪ್ಪು ಹಾಕಿದವರು ಅವರು, ತಿದ್ದಬೇಕಾದವರೂ ಅವರೇ. ಕೋಡಿಂಗ್ ಸೂಪರ್‌ವೈಸರ್ ಯಾರು ಅಂತ ಕೇಳಿ. ಆ ನಾಲ್ಕು ಸಮಯ ಓದಿ ಹೇಳಿ.

ರಘು: ಮೇಲೆ ಅಂದರೆ ಎಲ್ಲಿ ಮೇಡಂ?